ಕ್ಯಾಪಿಬಾರಾ: ಕಪಿಯೂ ಅಲ್ಲ, ಹಂದಿಯೂ ಅಲ್ಲ

ಬಿಸಿನೀರಿನ ತೊಟ್ಟಿಯಲ್ಲಿ ಕಣ್ಣು ಅರ್ಧ ಮುಚ್ಚಿ ಕೂತಿರುವ, ತಲೆ ಮೇಲೆ ಹಣ್ಣಿಟ್ಟರೂ ಅಲುಗಾಡದ ಒಂದು ದಪ್ಪ ಪ್ರಾಣಿಯನ್ನು ನೀವು ಮೊಬೈಲಿನಲ್ಲಿ ನೋಡಿಯೇ ಇರುತ್ತೀರಿ. ಅದೇ ಕ್ಯಾಪಿಬಾರಾ. ಹೆಸರಿನ ಮೊದಲಲ್ಲಿ ನಮ್ಮ ಕಿವಿಗೆ 'ಕಪಿ' ಕೇಳಿಸುತ್ತದೆ, ಆದರೆ ಮಂಗನಿಗೂ ಇದಕ್ಕೂ ಯಾವ ನಂಟೂ ಇಲ್ಲ.

ಹೆಸರು ಹುಟ್ಟಿದ್ದು ತುಪಿ ಭಾಷೆಯಲ್ಲಿ. ಪೋರ್ಚುಗೀಸರು ಬಂದಿಳಿದಾಗ ಬ್ರೆಜಿಲಿನ ಕರಾವಳಿಯ ಉದ್ದಕ್ಕೂ ಆಡುತ್ತಿದ್ದ ಭಾಷೆ ಅದು. ಪದವನ್ನು ಬಿಡಿಸಿದರೆ ಹೀಗೆ: 'ಕಅ' ಅಂದರೆ ಎಲೆ ಅಥವಾ ಗಿಡ, 'ಪೀ' ಅಂದರೆ ತೆಳ್ಳನೆಯದು, 'ಉ' ಅಂದರೆ ತಿನ್ನು, ಕೊನೆಯ 'ಅರ' ಆ ಕೆಲಸ ಮಾಡುವವನನ್ನು ಹೇಳುವ ಪ್ರತ್ಯಯ. ತೆಳ್ಳನೆ ಎಲೆ ಅಂದರೆ ಹುಲ್ಲು ತಾನೇ? ಒಟ್ಟಿನಲ್ಲಿ ಹುಲ್ಲು ತಿನ್ನುವವ. ಹೊಟ್ಟೆಬಾಕನ ಜಾಡಿನಲ್ಲಿ 'ಹುಲ್ಲುಬಾಕ' ಅಂತ ಕನ್ನಡಿಸಬಹುದು. ನನಗಂತೂ ಈ ಪದ ಬಹಳ ಹಿಡಿಸಿದೆ. ಬ್ರೆಜಿಲಿನ ಪೋರ್ಚುಗೀಸಿನಲ್ಲಿ ಇವತ್ತಿಗೂ ಹುಲ್ಲಿಗೆ 'ಕಪಿಂ' ಅಂತಲೇ ಹೇಳುತ್ತಾರೆ. ಅದೂ ಇದೇ ಬೇರಿನಿಂದ ಬಂದದ್ದು.

ಹೆಸರಿಗೆ ತಕ್ಕಂತೆ ದಿನಕ್ಕೆ ಸುಮಾರು ಮೂರು ಕಿಲೋ ಹುಲ್ಲು ಬೇಕು ಇದಕ್ಕೆ. ಹುಲ್ಲು ಜಗಿದು ಜಗಿದು ಹಲ್ಲು ಸವೆಯುತ್ತದೆ, ಸವೆದಷ್ಟೂ ಬೆಳೆಯುತ್ತಲೇ ಇರುತ್ತದೆ. ಒಂದು ಸಲಕ್ಕೆ ಹುಲ್ಲು ಪೂರ್ತಿ ಅರಗುವುದಿಲ್ಲ, ಹಾಗಾಗಿ ಬೆಳಗ್ಗೆ ತನ್ನ ಹಿಕ್ಕೆಯನ್ನೇ ಮತ್ತೆ ತಿನ್ನುತ್ತದೆ. ಮೊಲವೂ ಹೀಗೇ ಮಾಡುತ್ತದೆ. ಮುಖ ತಿರುಗಿಸಬೇಡಿ!

ಪೋರ್ಚುಗೀಸರು ತುಪಿ ಪದವನ್ನು 'ಕಪಿವಾರ' ಮಾಡಿಕೊಂಡರು. ಸ್ಪ್ಯಾನಿಷಿನಲ್ಲಿ 'ಬ'ಗೂ 'ವ'ಗೂ ಉಚ್ಚಾರದಲ್ಲಿ ಭೇದ ಇಲ್ಲ. ಅಲ್ಲಿ ಅದು 'ಕಪಿಬಾರ' ಆಯಿತು. ನಾವು ಬರೆಯುವ ಕ್ಯಾಪಿಬಾರಾ ಇಂಗ್ಲಿಷಿನ ಬಾಯಿಂದ ಬಂದ ರೂಪ. ಅರ್ಜೆಂಟೀನಾದಲ್ಲಿ ಇದನ್ನು ಕಾರ್ಪಿಂಚೊ ಅನ್ನುತ್ತಾರೆ, ವೆನೆಜುವೆಲಾದಲ್ಲಿ ಚಿಗುಯಿರೆ, ಪೆರುವಿನಲ್ಲಿ ರೊನ್ಸೊಕೊ.

ಹೊರಗಿನಿಂದ ಬಂದವರಿಗೆ ಮಾತ್ರ ಕಂಡದ್ದು ಹಂದಿ. ಜೀವಿಗಳಿಗೆ ಎರಡು ಪದದ ವೈಜ್ಞಾನಿಕ ಹೆಸರಿಡುವ ಪದ್ಧತಿಯನ್ನು ರೂಢಿಗೆ ತಂದ ಸ್ವೀಡನ್ನಿನ ವಿಜ್ಞಾನಿ ಲಿನೇಯಸ್ 1766ರಲ್ಲಿ ಇದನ್ನು ಹಂದಿಗಳ ಜೊತೆಗೇ ಸೇರಿಸಿಬಿಟ್ಟ. ಈಗಿನ ವೈಜ್ಞಾನಿಕ ಹೆಸರು ಹೈಡ್ರೊಕೀರಸ್ ಹೈಡ್ರೊಕೇರಿಸ್. ಗ್ರೀಕಿನಿಂದ ಕಟ್ಟಿದ ಈ ಎರಡು ಪದಗಳಿಗೂ ಅರ್ಥ ಒಂದೇ, ನೀರುಹಂದಿ. ಅಂದರೆ ಪೂರ್ತಿ ಹೆಸರು 'ನೀರುಹಂದಿ ನೀರುಹಂದಿ'! ಜರ್ಮನ್ನರೂ ಚೀನೀಯರೂ ಅದನ್ನೇ ಹೇಳುತ್ತಾರೆ. 'ನೀರು' ಅನ್ನುವುದು ಸುಳ್ಳಲ್ಲ. ಬೆರಳುಗಳ ನಡುವೆ ಪೊರೆ ಇದೆ, ಕಣ್ಣು ಕಿವಿ ಮೂಗು ಮೂರೂ ತಲೆಯ ಮೇಲ್ಭಾಗದಲ್ಲೇ ಇವೆ, ಐದು ನಿಮಿಷದವರೆಗೂ ಉಸಿರು ಬಿಗಿಹಿಡಿದು ಮುಳುಗಿರಬಲ್ಲದು. 'ಹಂದಿ' ಅನ್ನುವುದೇ ತಪ್ಪು. ಇದು ಇಲಿ, ಅಳಿಲುಗಳ ಗುಂಪಿನದು, ಅಂದರೆ ದಂಶಕ. ಈಗ ಬದುಕಿರುವ ದಂಶಕಗಳಲ್ಲೆಲ್ಲ ದೊಡ್ಡದು ಇದೇ. ಬೆಳೆದದ್ದು 35ರಿಂದ 65 ಕಿಲೋ ತೂಗುತ್ತದೆ.

ಲಿನೇಯಸ್‌ನನ್ನು ನೋಡಿ ನಗುವ ಮೊದಲು ನಮ್ಮ ಮುಳ್ಳುಹಂದಿಯನ್ನೂ ನೆನೆಸಿಕೊಳ್ಳಬೇಕು. ಅದೂ ದಂಶಕವೇ, ನಾವೂ ಅದನ್ನು ಹಂದಿ ಅಂತಲೇ ಕರೆದೆವು. ಇನ್ನೂ ಮಜಾ ಏನೆಂದರೆ ಮುಳ್ಳುಹಂದಿ ಇಲಿಗಿಂತ ಕ್ಯಾಪಿಬಾರಾಗೇ ಹತ್ತಿರದ ನೆಂಟ. ತೆಲುಗರು ಹೆಗ್ಗಣಕ್ಕೆ 'ಪಂದಿಕೊಕ್ಕು' ಅನ್ನುತ್ತಾರೆ, ಅಂದರೆ ಹಂದಿ ಇಲಿ. ಇಂಗ್ಲಿಷಿನ ಬ್ಯಾಂಡಿಕೂಟ್ ಬಂದದ್ದು ಅಲ್ಲಿಂದಲೇ. ದಪ್ಪಗೆ ಕಂಡದ್ದಕ್ಕೆಲ್ಲ ಹಂದಿ ಅನ್ನುವ ಚಾಳಿ ಎಲ್ಲ ಕಡೆಯೂ ಇದೆ ಅಂತಾಯಿತು. ತುಪಿ ಜನ ಮಾತ್ರ ಮೈಯನ್ನು ಬಿಟ್ಟು ಅದರ ಬಾಯಿಯನ್ನು ನೋಡಿದರು.

ತುಪಿ ಅಂದರೆ ಎಲ್ಲೋ ದೂರದ ಭಾಷೆ ಅನ್ನಿಸುತ್ತದೆ, ಅಲ್ವಾ? ಆದರೆ ಅದರ ಮಾತು ನಮ್ಮ ಬಾಯಲ್ಲಿ ಆಗಲೇ ಇದೆ. ಸಿಹಿ ಅಂಗಡಿಯ ಕಾಜು ಬರ್ಫಿಯ 'ಕಾಜು' ತುಪಿಯಿಂದ ಪೋರ್ಚುಗೀಸಿಗೆ ಹೋಗಿ, ಅವರ ಹಡಗಿನಲ್ಲಿ ಗೇರು ಗಿಡದ ಜೊತೆಗೇ ನಮ್ಮ ಪಶ್ಚಿಮ ಕರಾವಳಿಗೆ ಬಂದ ಪದ. ಅನಾನಸ್ ಕೂಡ ಅದೇ ನುಡಿಬಳಗದ್ದು, ಅದೇ ದಾರಿಯಲ್ಲಿ ಬಂದದ್ದು. ಜಾಗ್ವಾರ್, ಪಿರಾನಾ, ಟ್ಯಾಪಿಯೋಕಾ ಎಲ್ಲವೂ ತುಪಿ ಮೂಲದವೇ.

ಇತ್ತ ಬ್ರೆಜಿಲಿನಲ್ಲಿ ಕಪಿವಾರಕ್ಕೆ ಇನ್ನೊಂದು ಅರ್ಥವೂ ಅಂಟಿಕೊಂಡಿದೆ. ಅಲ್ಲಿನ ಪೊಲೀಸರ ಆಡುಮಾತಿನಲ್ಲಿ ಯಾರದಾದರೂ 'ಕಪಿವಾರವನ್ನು ಎಳೆಯುವುದು' ಅಂದರೆ, ಅವನ ಮೇಲಿರುವ ಹಳೆಯ ಕೇಸುಗಳನ್ನೆಲ್ಲ ಹೊರತೆಗೆದು ನೋಡುವುದು.