ಬಸ್ಸಿಗೆ 15 ಡಾಲರ್

ಡಿಕ್ಸನ್ ಚಿಬಾಂಡಾ ಜಿಂಬಾಬ್ವೆಯ ಮನೋವೈದ್ಯ. ಅವರು ಚಿಕಿತ್ಸೆ ಕೊಡುತ್ತಿದ್ದ 26 ವರ್ಷದ ಯುವತಿಯೊಬ್ಬಳು ಆತ್ಮಹತ್ಯೆ ಮಾಡಿಕೊಂಡಳು. ಆಸ್ಪತ್ರೆಗೆ ಯಾಕೆ ಕರೆತರಲಿಲ್ಲ ಎಂದು ಕೇಳಿದರೆ, ಬಸ್ಸಿಗೆ 15 ಡಾಲರ್ ಇರಲಿಲ್ಲ ಎಂದರು ತಾಯಿ.

ಡಾಕ್ಟರ್ ಇದ್ದರು, ಔಷಧಿಯೂ ಇತ್ತು. ಬಸ್ ಚಾರ್ಜಿಗೆ ಗತಿಯಿರಲಿಲ್ಲ.

ಒಂದು ಕೋಟಿಗೂ ಜಾಸ್ತಿ ಜನರಿದ್ದ ಆ ದೇಶದಲ್ಲಿ ಮನೋವೈದ್ಯರು ಬೆರಳೆಣಿಕೆಯಷ್ಟು. ಹಾಗಾದರೆ ರೋಗಿಯ ಮನೆ ಹತ್ತಿರವೇ ಇರುವವರು, ಊರು ಬಿಟ್ಟು ಹೋಗದವರು ಯಾರು? ಅಜ್ಜಿಯರು. 2006ರಲ್ಲಿ ರಾಜಧಾನಿ ಹರಾರೆಯ ಎಂಬಾರೆ ಬಡಾವಣೆಯಲ್ಲಿ, ಜನರ ಮನಸ್ಸಿನ ಕಷ್ಟ ಕೇಳಲು 14 ಅಜ್ಜಿಯರಿಗೆ ತರಬೇತಿ ಕೊಟ್ಟು ಕೆಲಸ ಶುರುವಾಯಿತು. ಕ್ಲಿನಿಕ್ಕಿನೊಳಗೆ ಜಾಗ ಸಿಗಲಿಲ್ಲ. ಹೊರಗೆ ಬೆಂಚು ಹಾಕಿದರು.

ಅದಕ್ಕೆ ಮೊದಲು ಇಟ್ಟ ಹೆಸರು ‘ಮಾನಸಿಕ ಆರೋಗ್ಯದ ಬೆಂಚು’. ಯಾರು ಬಂದು ಕೂರ್ತಾರೆ ಹೇಳಿ! ಅಜ್ಜಿಯರೇ ಅದನ್ನು ‘ಗೆಳೆತನದ ಬೆಂಚು’ ಮಾಡಿಸಿದರು. ‘ಡಿಪ್ರೆಶನ್’ ಅನ್ನುವ ಬದಲು ಶೋನಾ ಭಾಷೆಯ ‘ಕುಫುಂಗಿಸಿಸಾ’ ಬಳಕೆಗೆ ಬಂತು. ಹಾಗಂದರೆ ವಿಪರೀತ ಯೋಚನೆ. ‘ಯೋಚನೆ ಹಚ್ಚಿಕೊಂಡಿದ್ದಾಳೆ’ ಅಂತೀವಲ್ಲ, ಹೆಚ್ಚುಕಡಿಮೆ ಅದೇ. ನನಗೆ ಇಡೀ ಕೆಲಸದ ಜೀವಾಳ ಇಲ್ಲೇ ಕಾಣುತ್ತದೆ. ಕಾಯಿಲೆಗೆ ರೋಗಿಯ ಬಾಯಲ್ಲಿ ಮೊದಲೇ ಒಂದು ಹೆಸರಿತ್ತು. ಡಾಕ್ಟರ್ ಅದನ್ನು ಕಲಿತರು.

ಬೆಂಚಿನ ಮೇಲೆ ಮೊದಲು 14 ಪ್ರಶ್ನೆ. ಕಳೆದ ವಾರ ನಿದ್ದೆ ಕೆಟ್ಟಿತ್ತಾ? ಅಳು ಬಂತಾ? ಹೊಟ್ಟೆ ನೋವಿತ್ತಾ? ಉತ್ತರ ಹೌದು ಅಥವಾ ಇಲ್ಲ, ಅಷ್ಟೇ. ಆಮೇಲೆ ‘ಕುವುರಾ ಪುಂಗ್ವಾ’, ಮನಸ್ಸು ಬಿಚ್ಚುವುದು. ಇರುವ ತಾಪತ್ರಯವನ್ನೆಲ್ಲ ಹೇಳಿಕೊಳ್ಳಬೇಕು. ಅದರಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳಬೇಕು, ಆರಿಸುವವರು ಬಂದವರೇ. ಬಾಡಿಗೆ ಬಾಕಿ ಅಂತಿಟ್ಟುಕೊಳ್ಳಿ. ಯಾರ ಹತ್ತಿರ ಮಾತಾಡಬೇಕು, ಯಾವತ್ತು, ಏನಂತ? ಅದಿಷ್ಟು ಮುಂದಿನ ಭೇಟಿಯೊಳಗೆ ಮಾಡಿಕೊಂಡು ಬರಬೇಕು. ಬುದ್ಧಿ ಹೇಳಬೇಕೆನಿಸಿದರೂ ಅಜ್ಜಿ ಬಾಯಿ ಬಿಗಿ ಹಿಡಿಯಬೇಕು. ತರಬೇತಿಯಲ್ಲಿ ಕಷ್ಟದ ಪಾಠ ಇದೇ ಇರಬೇಕು!

ಸುಮ್ನೆ ಹರಟೆ ಅನ್ನುವವರಿಗೆ 2016ರಲ್ಲಿ ಪ್ರಕಟವಾದ ಅಧ್ಯಯನದ ಫಲಿತಾಂಶವಿದೆ. 24 ಕ್ಲಿನಿಕ್, 573 ಜನ. ಕೆಲವು ಕ್ಲಿನಿಕ್‌ಗಳಲ್ಲಿ ಬೆಂಚು, ಉಳಿದ ಕಡೆ ನರ್ಸ್‌ಗಳ ಸಲಹೆ, ಬೇಕಾದರೆ ಮಾತ್ರೆ. ಆರು ತಿಂಗಳ ನಂತರ ನರ್ಸ್‌ಗಳ ಕಡೆ ಹೋದವರಲ್ಲಿ ಸುಮಾರು ಅರ್ಧದಷ್ಟು ಜನರಲ್ಲಿ ಖಿನ್ನತೆಯ ಲಕ್ಷಣ ಇನ್ನೂ ಇತ್ತು. ಬೆಂಚಿನವರಲ್ಲಿ ಅದು ನೂರಕ್ಕೆ 14.

ಬೆಂಚಿಗೂ ಮಿತಿ ಇದೆ. ಸಾಯುವ ಯೋಚನೆ ಬಲವಾಗಿದ್ದವರನ್ನು ಅಜ್ಜಿ ತನ್ನ ಹತ್ತಿರವೇ ಇಟ್ಟುಕೊಳ್ಳುವಂತಿಲ್ಲ, ಮೇಲಿನ ಹಂತದ ಆರೋಗ್ಯ ಸಿಬ್ಬಂದಿಯ ಬಳಿಗೆ ಕಳಿಸಬೇಕು. ಅಲ್ಲಿ ಡಾಕ್ಟರೇ ಬೇಕು, ಅಲ್ಲಿಗೆ ಹೋಗಲು ಬಸ್ಸೂ ಬೇಕು.