ಅರಸುಮಗನಿಗೆ ಪಾಠ ಹೇಳಿದ್ದು ಯಾರು?

ಬ್ರಿಟಿಷರ ಕಾಲದ ಮೈಸೂರಿನಲ್ಲಿ ಐದು ವರ್ಷದ ಆಸುಪಾಸಿನ ಮಕ್ಕಳು ಎರಡು ಸಲ ಪಟ್ಟ ಏರಿದ್ದಾರೆ. ಮೊದಲ ಸಲ 1799ರಲ್ಲಿ. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಬ್ರಿಟಿಷರು ಮುಮ್ಮಡಿ ಕೃಷ್ಣರಾಜ ಒಡೆಯರ್ ಅವರನ್ನು ಸಿಂಹಾಸನದಲ್ಲಿ ಕೂರಿಸಿದರು. ಎರಡನೆಯ ಸಲ 1868ರಲ್ಲಿ. ಆಗ ಪಟ್ಟಕ್ಕೆ ಬಂದವರು ಮುಮ್ಮಡಿಯವರ ದತ್ತುಮಗ ಚಾಮರಾಜೇಂದ್ರ ಒಡೆಯರ್. ಮನೆತನ ಒಂದೇ, ವಯಸ್ಸೂ ಹೆಚ್ಚುಕಮ್ಮಿ ಒಂದೇ. ಬೆಳೆದ ರೀತಿ ಮಾತ್ರ ಅಜಗಜಾಂತರ. ಮೊದಲ ಮಗು ಅಜ್ಜಿ ಲಕ್ಷ್ಮಮ್ಮಣ್ಣಿಯವರ ನೆರಳಲ್ಲಿ ಬೆಳೆಯಿತು, ಆಡಳಿತವನ್ನು ಪೂರ್ಣಯ್ಯ ನೋಡಿಕೊಂಡರು. ಎರಡನೆಯ ಮಗುವಿಗೆ ಗಾರ್ಡಿಯನ್ ಯಾರಾಗಬೇಕು ಎಂಬುದನ್ನು ವೈಸರಾಯ್ ಲಾರ್ಡ್ ಮೇಯೋ ಅವರೇ ತೀರ್ಮಾನಿಸಿದರು.

ಅರಸುಮಕ್ಕಳ ಓದಿನ ಬಗ್ಗೆ ತಲೆಕೆಡಿಸಿಕೊಂಡವರಲ್ಲಿ ಬ್ರಿಟಿಷರೇ ಮೊದಲಿಗರಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಇದರ ಪೂರ್ತಿ ವೇಳಾಪಟ್ಟಿಯೇ ಇದೆ. ಮೊದಲು ಅಕ್ಷರ, ಲೆಕ್ಕ. ಉಪನಯನ ಆದ ಮೇಲೆ ವೇದ, ತರ್ಕ. ಕೃಷಿ, ವ್ಯಾಪಾರದ ವಿಷಯವನ್ನು ಆಯಾ ಇಲಾಖೆಯ ಅಧ್ಯಕ್ಷರಿಂದಲೇ ಕಲಿಯಬೇಕು. ದಂಡನೀತಿಯನ್ನು, ಅಂದರೆ ಆಳುವ ವಿದ್ಯೆಯನ್ನು, ಅದನ್ನು ಬಲ್ಲವರಿಂದ ಮತ್ತು ನಡೆಸಿದವರಿಂದ ಕಲಿಯಬೇಕು. ಬೆಳಗ್ಗೆ ಆನೆ, ಕುದುರೆ, ರಥ, ಆಯುಧ. ಆಮೇಲೆ ಇತಿಹಾಸ ಕೇಳುವುದು. ಇಷ್ಟೆಲ್ಲ ಹೇಳಿದ ಅದೇ ಗ್ರಂಥ ಇನ್ನೊಂದು ಕಡೆ, ರಾಜಪುತ್ರರು ಏಡಿಗಳ ಹಾಗೆ ಹೆತ್ತವರನ್ನೇ ತಿನ್ನುವವರು, ಹುಟ್ಟಿದಾಗಿನಿಂದಲೇ ಅವರ ಮೇಲೆ ಕಣ್ಣಿಡಬೇಕು ಎಂದೂ ಎಚ್ಚರಿಸುತ್ತದೆ. ಮುಂದೆ ಆಳಬೇಕಾದ ಮಗುವಿನ ಬಗ್ಗೆ ಪ್ರೀತಿಯಷ್ಟೇ ಭಯವೂ ಇತ್ತು. ಆ ಭಯ ಮೈಸೂರಿನ ಕತೆಯಲ್ಲೂ ಇದೆ. ಆದರೆ ಇಲ್ಲಿ ಭಯಪಟ್ಟವರು ತಂದೆಯಲ್ಲ, ಬ್ರಿಟಿಷ್ ಸರ್ಕಾರ.

ಕಾರಣ ಸಿಗುವುದು 1831ರಲ್ಲಿ. ಮಲೆನಾಡಿನ ನಗರ (ಬಿದನೂರು) ಸೀಮೆಯ ರೈತರು ದಂಗೆ ಎದ್ದರು. ಅದನ್ನೇ ಮುಂದೆ ಮಾಡಿ ಬ್ರಿಟಿಷರು ಮುಮ್ಮಡಿಯವರ ಕೈಯಿಂದ ಆಡಳಿತ ಕಿತ್ತುಕೊಂಡರು. ಅರಸರಿಗೆ ಆಳುವುದು ಗೊತ್ತಿಲ್ಲ ಎಂಬುದು ಅವರ ವಾದ. ಮುಮ್ಮಡಿಯವರೇನೂ ಓದದವರಲ್ಲ. ವಿದ್ವಾಂಸರನ್ನು ಸಾಕಿದರು, ತಾವೇ ಬರೆದರು, ಚದುರಂಗದಲ್ಲಿ ದೊಡ್ಡ ಹೆಸರು ಮಾಡಿದರು. ಬ್ರಿಟಿಷರಿಗೆ ಬೇಕಾದ ಓದು ಬೇರೆಯದಾಗಿತ್ತು, ಅಷ್ಟೇ. ಅವರಿಗೆ ಕಂದಾಯದ ಲೆಕ್ಕ ಇಡಬಲ್ಲ, ಕಲೆಕ್ಟರನ ಹಾಗೆ ಕಡತ ನೋಡಬಲ್ಲ ಅರಸ ಬೇಕಿತ್ತು.

ಮುಮ್ಮಡಿಯವರು ಮಾಡಿಕೊಂಡ ದತ್ತನ್ನು ಬ್ರಿಟಿಷರು ಕೊನೆಗೆ 1867ರಲ್ಲಿ ಒಪ್ಪಿದರು. ಆದರೆ ಒಂದು ಷರತ್ತು ಹಾಕಿದರು. ಹುಡುಗ ತನ್ನ ಸ್ಥಾನಕ್ಕೆ ತಕ್ಕ ಶಿಕ್ಷಣ ಪಡೆಯಬೇಕು, ಹದಿನೆಂಟು ತುಂಬಿದಾಗ ಯೋಗ್ಯನೆಂದು ಕಂಡರೆ ಮಾತ್ರ ಆಡಳಿತ ಅವನ ಕೈಗೆ ಹೋಗಬೇಕು. ಸ್ವಲ್ಪ ಯೋಚಿಸಿ ನೋಡಿ. ಒಂದು ಇಡೀ ರಾಜ್ಯ ವಾಪಸ್ ಬರುವುದು ಒಬ್ಬ ಹುಡುಗನ ಪಾಠದ ಮೇಲೆ ನಿಂತಿತ್ತು. ಆ ವಯಸ್ಸಿನ ಮಗುವಿನ ತಲೆಯ ಮೇಲೆ ಇಷ್ಟು ಭಾರ ಹೊರಿಸಿದ್ದು ನನಗಂತೂ ಕ್ರೂರವಾಗಿಯೇ ಕಾಣುತ್ತದೆ.

ಗಾರ್ಡಿಯನ್ ಆಗಿ ಬಂದವರು ಕರ್ನಲ್ ಮ್ಯಾಲೆಸನ್, ಇತಿಹಾಸಕಾರರೂ ಹೌದು. ಹುಡುಗನಿಗಾಗಿ ಒಂದು ಅರಮನೆ ಶಾಲೆ ಶುರುವಾಯಿತು. ಜೊತೆಗೆ ಓದಲು ಗಣ್ಯ ಮನೆತನಗಳ ಹುಡುಗರು ಬಂದರು. ಈಗ ಪ್ರವಾಸಿಗರು ಟಿಕೆಟ್ ಕೊಂಡು ನೋಡುವ ಬೆಂಗಳೂರು ಅರಮನೆಯೂ ಈ ಪಾಠದ ಕತೆಗೇ ಸೇರಿದ್ದು. ಸೆಂಟ್ರಲ್ ಹೈಸ್ಕೂಲಿನ ಮೊದಲ ಪ್ರಿನ್ಸಿಪಾಲ್ ಆಗಿದ್ದ ರೆವರೆಂಡ್ ಗ್ಯಾರೆಟ್ ಅವರಿಂದ ಈ ಆಸ್ತಿಯನ್ನು 1873ರಲ್ಲಿ ಕೊಂಡರು. ಬಾಲಕ ಮಹಾರಾಜರ ಓದು, ಆಡಳಿತದ ತರಬೇತಿ ಬೆಂಗಳೂರಿನಲ್ಲಿ ನಡೆಯುವಾಗ ಉಳಿದುಕೊಳ್ಳಲು ಜಾಗ ಬೇಕಿತ್ತು. 1881ರ ಮಾರ್ಚ್ 25ರಂದು ಆಡಳಿತ ಚಾಮರಾಜೇಂದ್ರರ ಕೈಗೆ ಬಂತು. ಐವತ್ತು ವರ್ಷಗಳ ಬ್ರಿಟಿಷ್ ಕಮಿಷನರ್‌ಗಳ ಆಳ್ವಿಕೆ ಮುಗಿಯಿತು.

ಅದೇ ವರ್ಷ ಬರೋಡದಲ್ಲೂ ಒಬ್ಬ ಹುಡುಗನ ಪಾಠ ಮುಗಿಯಿತು. ಮೂರನೇ ಸಯಾಜಿರಾವ್ ಹಳ್ಳಿಯಲ್ಲಿ ಬೆಳೆದವರು. 1875ರಲ್ಲಿ ದತ್ತು ಬಂದಾಗ ಅವರಿಗೆ ಹನ್ನೆರಡು ವರ್ಷ, ಓದು ಬರಹ ಬರುತ್ತಿರಲಿಲ್ಲ. ಎಲಿಯಟ್ ಎಂಬ ಐಸಿಎಸ್ ಅಧಿಕಾರಿ ಅಕ್ಷರದಿಂದ ಶುರು ಮಾಡಿದರು. ಕೊನೆಯಲ್ಲಿ ದಿವಾನ್ ಟಿ. ಮಾಧವರಾವ್ ಸ್ವತಃ ಕೂತು ಆಳ್ವಿಕೆಯ ಮೇಲೆ ಸಾಲಾಗಿ ಉಪನ್ಯಾಸ ಕೊಟ್ಟರು. ಪ್ರಜೆಗಳ ಸುಖವೇ ದೊರೆಯ ಮೊದಲ ಕೆಲಸ ಎಂಬುದು ಅವುಗಳ ತಿರುಳು. ಹನ್ನೆರಡಕ್ಕೆ ಅಕ್ಷರ ಕಲಿತ ಆ ಹುಡುಗ ದೊರೆಯಾಗಿ 1893ರಲ್ಲಿ ಅಮ್ರೇಲಿ ಸೀಮೆಯಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣ ತಂದರು. 1906ರಲ್ಲಿ ಅದನ್ನು ಇಡೀ ರಾಜ್ಯಕ್ಕೆ ಹಬ್ಬಿಸಿದರು.

ಇಷ್ಟರಲ್ಲಿ ಅರಸುಮಕ್ಕಳಿಗೆಂದೇ ಕಾಲೇಜುಗಳೂ ಬಂದಿದ್ದವು. ರಾಜಕೋಟೆಯಲ್ಲಿ 1870ರಲ್ಲಿ, ಅಜ್ಮೇರಿನಲ್ಲಿ 1875ರಲ್ಲಿ. ಬೇರೆ ಬೇರೆ ಸಂಸ್ಥಾನದ ಹುಡುಗರು ಒಂದೇ ಬೆಂಚಿನಲ್ಲಿ ಕೂರುವುದು ಹೊಸ ಸಂಗತಿ. ಆದರೂ ಅಜ್ಮೇರಿನ ಮೇಯೋ ಕಾಲೇಜಿನಲ್ಲಿ ಜೋಧಪುರಕ್ಕೆ ಒಂದು, ಜೈಪುರಕ್ಕೆ ಒಂದು ಅಂತ ಸಂಸ್ಥಾನಗಳು ತಮ್ಮ ತಮ್ಮ ಹಾಸ್ಟೆಲ್ ಕಟ್ಟಿಕೊಂಡವು. ಕ್ಲಾಸು ಒಂದಾದರೂ ಮನೆ ಬೇರೆಬೇರೆಯೇ ಉಳಿಯಿತು.

1894ರ ಡಿಸೆಂಬರಿನಲ್ಲಿ ಚಾಮರಾಜೇಂದ್ರರು ಕಲ್ಕತ್ತಾದಲ್ಲಿ ಡಿಫ್ತೀರಿಯಾದಿಂದ ತೀರಿಕೊಂಡರು. ಮಗ ನಾಲ್ವಡಿ ಕೃಷ್ಣರಾಜರಿಗೆ ಆಗ ಹತ್ತು ವರ್ಷ. ತಾಯಿ ವಾಣಿವಿಲಾಸ ಸನ್ನಿಧಾನದವರು ರೀಜೆಂಟ್ ಆದರು, 1902ರವರೆಗೂ ರಾಜ್ಯ ನಡೆಸಿದರು. ಗಂಡುಮಕ್ಕಳಿಗೆ ಕೊಡುತ್ತಿದ್ದ ಆಡಳಿತದ ತರಬೇತಿ ಯಾವುದೂ ಅವರಿಗೆ ಸಿಕ್ಕಿರಲಿಲ್ಲ. ಅರಸುಮಕ್ಕಳ ಶಿಕ್ಷಣದ ಚರ್ಚೆಯಲ್ಲಿ ಹೆಣ್ಣುಮಕ್ಕಳ ಹೆಸರೇ ಬಾರದ ಆ ಕಾಲದಲ್ಲಿ ಇದನ್ನು ಜಾಸ್ತಿ ಒತ್ತಿ ಹೇಳಬೇಕು.

ನಾಲ್ವಡಿಯವರ ಮೊದಲ ಪಾಠಗಳು ಪಿ. ರಾಘವೇಂದ್ರರಾಯರ ಉಸ್ತುವಾರಿಯಲ್ಲಿ ಲೋಕರಂಜನ ಮಹಲಿನಲ್ಲಿ ನಡೆದವು. ಕನ್ನಡ, ಸಂಸ್ಕೃತ, ಇಂಗ್ಲಿಷ್, ಕುದುರೆ ಸವಾರಿ, ನಮ್ಮ ಸಂಗೀತ, ಪಾಶ್ಚಾತ್ಯ ಸಂಗೀತ. 1896ರಲ್ಲಿ ಸ್ಟುವರ್ಟ್ ಫ್ರೇಸರ್ ಬಂದರು. ನ್ಯಾಯಶಾಸ್ತ್ರ, ಕಂದಾಯದ ಪಾಠದ ಜೊತೆಗೆ ರಾಜ್ಯದ ಉದ್ದಗಲಕ್ಕೂ ಪ್ರವಾಸ ಮಾಡಿಸಿದರು. ಈ ಫ್ರೇಸರ್ ಅದಕ್ಕೂ ಮೊದಲು ಧಾರವಾಡದಲ್ಲಿ ಕೊಲ್ಹಾಪುರದ ಶಾಹು ಮಹಾರಾಜರಿಗೆ ಪಾಠ ಹೇಳಿದವರು. ಆ ಶಿಷ್ಯ 1902ರಲ್ಲಿ ತಮ್ಮ ಸಂಸ್ಥಾನದ ಸರ್ಕಾರಿ ಹುದ್ದೆಗಳಲ್ಲಿ ಅರ್ಧದಷ್ಟನ್ನು ಹಿಂದುಳಿದವರಿಗೆ ಮೀಸಲಿಟ್ಟರು. ಮೈಸೂರಿನ ಶಿಷ್ಯ ನಾಲ್ವಡಿಯವರು 1918ರಲ್ಲಿ, ಸರ್ಕಾರಿ ಹುದ್ದೆಗಳಲ್ಲಿ ಹಿಂದುಳಿದವರಿಗೆ ಪಾಲು ಕೊಡುವ ವಿಷಯ ನೋಡಲು ಮಿಲ್ಲರ್ ಸಮಿತಿ ನೇಮಿಸಿದರು. ಅದು ಒಪ್ಪಿಗೆಯಾಗದೆ ದಿವಾನ್ ವಿಶ್ವೇಶ್ವರಯ್ಯ ಹುದ್ದೆ ಬಿಟ್ಟರೂ ನಾಲ್ವಡಿಯವರು ಹಿಂದೆ ಸರಿಯಲಿಲ್ಲ. ಇದನ್ನೆಲ್ಲ ಮೇಷ್ಟರ ಲೆಕ್ಕಕ್ಕೆ ಬರೆಯುವುದು ತಪ್ಪು. ಎರಡೂ ಕಡೆ ಕೆಳಗಿನಿಂದ ಬಂದ ಒತ್ತಾಯ ಜೋರಾಗಿಯೇ ಇತ್ತು. ಆದರೆ ಆ ಒತ್ತಾಯ ಕಿವಿಗೆ ಬಿದ್ದಾಗ ಇಬ್ಬರೂ ಕೇಳಿಸಿಕೊಂಡರಲ್ವಾ, ಅದು ದೊಡ್ಡದು.

ನನ್ನ ಮಟ್ಟಿಗೆ ನಾಲ್ವಡಿಯವರ ಓದಿನಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಯಾವ ಪುಸ್ತಕವೂ ಅಲ್ಲ, ಪಕ್ಕದಲ್ಲಿ ಕೂತ ಹುಡುಗ. ಫ್ರೇಸರ್ ನಡೆಸುತ್ತಿದ್ದ ಪುಟ್ಟ ತರಗತಿಗೆ ಆಯ್ದು ತಂದ ಸಹಪಾಠಿಗಳಲ್ಲಿ ಮಿರ್ಜಾ ಇಸ್ಮಾಯಿಲ್ ಒಬ್ಬರು. ಅವರ ಅಜ್ಜ ಅಲಿ ಅಸ್ಕರ್ ಶಿರಾಜ್‌ನಿಂದ ಬಂದ ಕುದುರೆ ವ್ಯಾಪಾರಿ. ಮಿರ್ಜಾ ಮುಂದೆ ಬೆಂಗಳೂರಿನಲ್ಲಿ ಪದವಿ ಪಡೆದು, ಪೊಲೀಸ್ ಇಲಾಖೆ ಸೇರಿ, ಆಮೇಲೆ ಮಹಾರಾಜರ ಕಾರ್ಯದರ್ಶಿಯಾಗಿ, 1926ರಲ್ಲಿ ದಿವಾನರಾದರು. ಬಾಲ್ಯದ ಸಲಿಗೆ ಹದಿನೈದು ವರ್ಷದ ಆಡಳಿತವಾಗಿ ಬೆಳೆಯಿತು. ದೊರೆಗೆ ಎದುರು ನಿಂತು ಇದು ಸರಿಯಲ್ಲ ಎನ್ನುವವರು ಸುಲಭಕ್ಕೆ ಸಿಗುವುದಿಲ್ಲ. ಚಿಕ್ಕವರಿದ್ದಾಗಿನಿಂದ ಬಲ್ಲ ಗೆಳೆಯನಿಗೆ ಆ ಧೈರ್ಯ ಇರುತ್ತದೆ.

ನಾಲ್ವಡಿಯವರ ತಮ್ಮನ ಮಗ ಜಯಚಾಮರಾಜ ಒಡೆಯರ್ ಹುಟ್ಟಿದ್ದು 1919ರಲ್ಲಿ. ಅಷ್ಟರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಆಗಲೇ ಶುರುವಾಗಿ ಮೂರು ವರ್ಷವಾಗಿತ್ತು. ಅವರು ಕಾಲೇಜು ಓದಿಗೆ ಮಹಾರಾಜ ಕಾಲೇಜಿಗೆ ಹೋದರು. ಅಲ್ಲಿ ಓದುತ್ತಿದ್ದವರು ಗಣ್ಯರ ಮಕ್ಕಳು ಮಾತ್ರ ಅಲ್ಲ. ಹಳ್ಳಿಗಳಿಂದ ಬಂದವರೂ ಇದ್ದರು. 1938ರಲ್ಲಿ ಚಿನ್ನದ ಪದಕಗಳೊಂದಿಗೆ ಪದವಿ ಪಡೆದು, 1940ರಲ್ಲಿ ಪಟ್ಟಕ್ಕೆ ಬಂದರು. ಏಳು ವರ್ಷ ಕಳೆಯುವಷ್ಟರಲ್ಲಿ 'ಮೈಸೂರು ಚಲೋ' ಚಳವಳಿ ಎದ್ದಿತು. ಜವಾಬ್ದಾರಿ ಸರ್ಕಾರ, ಅಂದರೆ ಜನರ ಪ್ರತಿನಿಧಿಗಳಿಗೆ ಉತ್ತರ ಹೇಳುವ ಸರ್ಕಾರ ಬೇಕು ಎಂದು ಬೀದಿಗಿಳಿದವರಲ್ಲಿ ವಿದ್ಯಾರ್ಥಿಗಳು ದೊಡ್ಡ ಸಂಖ್ಯೆಯಲ್ಲಿದ್ದರು. 1947ರ ಅಕ್ಟೋಬರಿನಲ್ಲಿ ಮಹಾರಾಜರು ಒಪ್ಪಿದರು. ಕೆ. ಸಿ. ರೆಡ್ಡಿ ಅವರ ಮಂತ್ರಿಮಂಡಲ ಅಧಿಕಾರ ವಹಿಸಿಕೊಂಡಿತು.