ಗುಡಿ ಇಲ್ಲಿದೆ, ಅದರ ಪಾಠ ಎಲ್ಲಿ?

ಕೊಪ್ಪಳ ಜಿಲ್ಲೆಯ ಇಟಗಿಯಲ್ಲಿರುವ ಮಹಾದೇವ ದೇವಾಲಯದ ಮಂಟಪದಲ್ಲಿ ನಿಂತು ಯಾವುದಾದರೊಂದು ಕಂಬದ ಮೇಲೆ ಕೈಯಾಡಿಸಿದರೆ, ಒಂದರ ಮೇಲೊಂದು ಬಳೆ ತೊಡಿಸಿದಂತೆ ಸುತ್ತಿಬಂದ ಅಂಚುಗಳು ಬೆರಳಿಗೆ ತಾಗುತ್ತವೆ. ತಿರುಗಣೆಯಲ್ಲಿ ಕಡೆದ ಈ ಕಂಬಗಳು ಸಾಧ್ಯವಾದದ್ದು ಮೆದುವಾದ ಬಳಪದ ಕಲ್ಲಿನಿಂದ. ಇಲ್ಲಿಂದ ಕೆಲವೇ ಕಿಲೋಮೀಟರ್ ದೂರದ ಕುಕನೂರಿನ ನವಲಿಂಗ ಗುಡಿ ರಾಷ್ಟ್ರಕೂಟರ ಕಾಲದ ಮರಳುಗಲ್ಲಿನ ಕಟ್ಟಡ. ಇಟಗಿಯದು ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ, ಶಾಸನವೇ ‘ದೇವಾಲಯ ಚಕ್ರವರ್ತಿ’ ಎಂದು ಕರೆದ ಗುಡಿ. ಕಲ್ಲು ಬದಲಾದಾಗ ಕೆತ್ತನೆ ಹೇಗೆ ಬದಲಾಯಿತು ಎಂಬುದನ್ನು ಒಂದೇ ದಿನದಲ್ಲಿ ಕಣ್ಣಾರೆ ನೋಡಿ ಕಲಿಯಬಹುದಾದ ಈ ಸೀಮೆಯಲ್ಲಿ, ಕಲಾ ಇತಿಹಾಸವನ್ನು ಜನರ ಮುಂದಿಟ್ಟು ವಿವರಿಸುವ ಉಪನ್ಯಾಸ ಮಾತ್ರ ಅಪರೂಪ. ಇದಕ್ಕೆ ಜನರ ನಿರಾಸಕ್ತಿಯೇ ಕಾರಣವೆನ್ನುವುದು ಸುಲಭದ ಉತ್ತರ. ನಿಜವಾದ ಕಾರಣ ಹಳೆಯ ಆಡಳಿತದ ಗಡಿಗಳಲ್ಲಿದೆ.

ಬಳ್ಳಾರಿ 1953ರ ತನಕ ಮದ್ರಾಸಿನ ಆಡಳಿತದಲ್ಲಿತ್ತು. ಕುರುವತ್ತಿ, ಬಾಗಳಿ, ಹೂವಿನಹಡಗಲಿಗಳ (ಇವೆಲ್ಲ ಈಗ ವಿಜಯನಗರ ಜಿಲ್ಲೆಗೆ ಸೇರಿವೆ) ಗುಡಿಗಳನ್ನು ಅಳೆದು, ನಕ್ಷೆ ಬರೆಸಿ ಅಲೆಕ್ಸಾಂಡರ್ ರೀ 1896ರಲ್ಲಿ ಹೊರತಂದ ಗ್ರಂಥ ಇಂದಿಗೂ ಬೇಕಾಗುವಂಥದ್ದು; ಆದರೆ ಅದು ಇಂಗ್ಲಿಷಿನಲ್ಲಿ, ಮದ್ರಾಸಿನ ಅಧಿಕಾರಿಗಳಿಗಾಗಿ ಸಿದ್ಧವಾದದ್ದು. ರಾಯಚೂರು ಮತ್ತು ಕೊಪ್ಪಳ ನಿಜಾಮರ ಹೈದರಾಬಾದಿಗೆ ಸೇರಿದ್ದವು. 1915ರಲ್ಲಿ ಮಸ್ಕಿಯಲ್ಲಿ ಗಣಿ ಎಂಜಿನಿಯರ್ ಬೀಡನ್ ಕಣ್ಣಿಗೆ ಬಿದ್ದ ಶಾಸನದಲ್ಲಿ ‘ದೇವಾನಂಪ್ರಿಯ’ ಎಂಬ ಬಿರುದಿನ ಜೊತೆಗೆ ಅಶೋಕನ ಹೆಸರೂ ಇತ್ತು. ದೇವಾನಂಪ್ರಿಯನೇ ಅಶೋಕನೆಂದು ಅಲ್ಲಿಯವರೆಗೆ ವಿದ್ವಾಂಸರು ಊಹೆಯ ಬಲದಿಂದ ಹೇಳುತ್ತಿದ್ದುದಕ್ಕೆ ಈ ಬಂಡೆ ಸಾಕ್ಷಿ ಒದಗಿಸಿತು. ಹೈದರಾಬಾದಿನ ಪುರಾತತ್ವ ಇಲಾಖೆ ತನ್ನ ಗ್ರಂಥಮಾಲೆಯನ್ನು ಆರಂಭಿಸಿದ್ದೇ ಈ ಶಾಸನದಿಂದ. 1931ರಲ್ಲಿ ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುವಿನ ಅಶೋಕನ ಶಾಸನಗಳು ಬೆಳಕಿಗೆ ಬಂದಾಗಲೂ ಅದೇ ಮಾಲೆಯಲ್ಲಿ ಅವು ಇಂಗ್ಲಿಷಿನಲ್ಲಿಯೇ ಪ್ರಕಟವಾದವು. ಬಂಡೆಯ ನೆರಳಲ್ಲಿ ಕುರಿ ಕಾಯುತ್ತಿದ್ದವನಿಗೆ ಅದರ ಮೇಲೇನು ಬರೆದಿದೆಯೆಂದು ಅವನ ಮಾತಿನಲ್ಲಿ ಹೇಳುವ ಏರ್ಪಾಡು ಎರಡೂ ಆಡಳಿತಗಳಲ್ಲಿ ಇರಲಿಲ್ಲ.

ಅದೇ ಕಾಲಕ್ಕೆ ಮೈಸೂರಿನಲ್ಲಿ ಬೇರೊಂದು ಪ್ರಯೋಗ ನಡೆದಿತ್ತು. 1930ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಅಧ್ಯಾಪಕರು ಊರೂರಿಗೆ ಹೋಗಿ ಕನ್ನಡದಲ್ಲಿ ಪ್ರಚಾರೋಪನ್ಯಾಸ ನೀಡುತ್ತಿದ್ದರು, ಆ ಭಾಷಣಗಳು ಅಗ್ಗದ ಬೆಲೆಯ ಚಿಕ್ಕ ಪುಸ್ತಕಗಳೂ ಆದವು. ಬೇರೆ ಆಡಳಿತಗಳಲ್ಲಿದ್ದ ನಮ್ಮ ಜಿಲ್ಲೆಗಳು ಆ ಪರಿಪಾಠದ ಹೊರಗುಳಿದವು. ಏಕೀಕರಣವಾದ ಮೇಲೂ ಆ ತಲೆಮಾರಿನ ಅಂತರ ತುಂಬಲಿಲ್ಲವೆಂದೇ ನನ್ನ ಅಭಿಪ್ರಾಯ.

ಹಂಪಿಯಲ್ಲಿ 1980ರಿಂದ ಜಾನ್ ಫ್ರಿಟ್ಜ್ ಮತ್ತು ಜಾರ್ಜ್ ಮಿಷೆಲ್ ನಡೆಸಿದ ಸಮೀಕ್ಷೆಯಲ್ಲಿ ವಾಸ್ತುಶಿಲ್ಪದ ವಿದ್ಯಾರ್ಥಿಗಳು ಬಿಸಿಲಲ್ಲಿ ಟೇಪು ಹಿಡಿದು ಕಟ್ಟಡಗಳನ್ನು ಅಳೆದು ಚಿತ್ರಿಸಿದರು. ಆದರೆ ಅಲ್ಲಿಂದ ಹೊರಟ ಬರಹವೂ ಬಹುಪಾಲು ಇಂಗ್ಲಿಷಿನದೇ. 1991ರಲ್ಲಿ ಹುಟ್ಟಿದ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಪುರಾತತ್ವದ ಸಂಶೋಧನೆಯನ್ನು ಕನ್ನಡದಲ್ಲಿಯೇ ನಡೆಸಲು ಅವಕಾಶ ಮಾಡಿಕೊಟ್ಟದ್ದು ಈ ಕಥೆಯ ದೊಡ್ಡ ತಿರುವು. ಕರ್ನಾಟಕ ಇತಿಹಾಸ ಅಕಾಡೆಮಿಯ ವಾರ್ಷಿಕ ಸಮ್ಮೇಳನಗಳಲ್ಲಿಯೂ ಪದವಿ ಕಾಲೇಜುಗಳ ಅಧ್ಯಾಪಕರು ತಮ್ಮ ಊರಿನ ವೀರಗಲ್ಲು, ಗುಡಿ, ಶಾಸನಗಳ ಬಗ್ಗೆ ಕನ್ನಡದಲ್ಲಿ ಪ್ರಬಂಧ ಓದುತ್ತಾರೆ.

ಆದರೆ ಸಾರ್ವಜನಿಕ ಉಪನ್ಯಾಸವೆಂದರೆ ಇಂದಿಗೂ ಹೆಚ್ಚಾಗಿ ಉತ್ಸವದ ಬಾಲಂಗೋಚಿ. ಸಂಜೆಯ ಸಂಗೀತಕ್ಕೆ ಮುನ್ನ, ಮಧ್ಯಾಹ್ನದ ಊಟದ ಮಂಪರಿನಲ್ಲಿ ವಿಚಾರ ಸಂಕಿರಣ. ಸ್ವಾಗತ, ಸನ್ಮಾನ, ಶಾಲು, ಹಾರಗಳಲ್ಲೇ ಮುಕ್ಕಾಲು ಗಂಟೆ ಕಳೆದು, ಚಿತ್ರಗಳನ್ನು ತಂದ ವಿದ್ವಾಂಸರಿಗೆ ‘ಸಂಕ್ಷಿಪ್ತವಾಗಿ ಮುಗಿಸಿ’ ಎಂಬ ಚೀಟಿ ಬರುತ್ತದೆ. ಪರದೆಯ ಮೇಲಿನ ವಿವರಣೆ ಇಂಗ್ಲಿಷಿನಲ್ಲಿರುತ್ತದೆ. ಅಧಿಷ್ಠಾನ (ಗುಡಿಯ ತಳಗಟ್ಟು), ಕಕ್ಷಾಸನ, ಜಾಲಂಧ್ರ (ಕಲ್ಲಿನ ಜಾಲರಿ ಕಿಟಕಿ) ಎಂಬಂಥ ಪದಗಳು ಬಳಕೆಯಲ್ಲಿದ್ದರೂ, ಕಕ್ಷಾಸನವೆಂದರೆ ಮಂಟಪದ ಅಂಚಿನ ಒರಗುವ ಕಲ್ಲಿನ ಜಗಲಿ ಎಂದು ಬಿಡಿಸಿ ಹೇಳುವವರು ಕಡಿಮೆ.

ಇದರ ಪೆಟ್ಟು ನೇರವಾಗಿ ಬೀಳುವುದು ವಿದ್ಯಾರ್ಥಿಗಳ ಮೇಲೆ. ಕಲಾ ಇತಿಹಾಸವೂ ಒಂದು ಓದು, ಅದಕ್ಕೂ ಉದ್ಯೋಗವಿದೆ ಎಂಬುದು ಬಹಳಷ್ಟು ಮಕ್ಕಳಿಗೆ ಬಿ.ಎ. ಮುಗಿಯುವವರೆಗೂ ತಿಳಿಯುವುದಿಲ್ಲ. ಕಲಬುರಗಿಯ ದೃಶ್ಯಕಲಾ ಕಾಲೇಜು, ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ, ಬೆಂಗಳೂರಿನ ಚಿತ್ರಕಲಾ ಪರಿಷತ್ತು, ಸ್ನಾತಕೋತ್ತರ ಪದವೀಧರರಿಗಾಗಿ ಭಾರತೀಯ ಪುರಾತತ್ವ ಸರ್ವೇಕ್ಷಣೆ ಗ್ರೇಟರ್ ನೋಯ್ಡಾದಲ್ಲಿ ನಡೆಸುವ ಎರಡು ವರ್ಷದ ಡಿಪ್ಲೊಮಾ, ಇವೆಲ್ಲ ದೂರದ ಊರಿನ ಹೆಸರುಗಳಾಗಿಯೇ ಉಳಿಯುತ್ತವೆ. ಸಂವಿಧಾನದ 371(ಜೆ) ವಿಧಿಯಡಿಯಲ್ಲಿ ಕಲ್ಯಾಣ ಕರ್ನಾಟಕದ ಈ ಭಾಗದವರಿಗೆ ಸಿಗುವ ಮೀಸಲಾತಿಯನ್ನು ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಸೀಟುಗಳ ಲೆಕ್ಕದಲ್ಲಿಯೇ ನೋಡುವ ನಮ್ಮ ಮನೆಗಳಲ್ಲಿ, ಗುಡಿಯ ನಕ್ಷೆ ಬರೆಯುವುದನ್ನು ಕಲಿಯಲು ಹೊರಟ ಹುಡುಗಿಗೆ ‘ಅದನ್ನ ಓದಿ ಏನ್ ಮಾಡ್ತಿ?’ ಎಂಬ ಪ್ರಶ್ನೆಯೇ ಮೊದಲು ಎದುರಾಗುತ್ತದೆ. ಉತ್ತರ ಹೇಳಬಲ್ಲವರು ಉತ್ಸವದ ವೇದಿಕೆಗೆ ಬಂದು, ಚೀಟಿ ನೋಡಿ ಮಾತು ಮುಗಿಸಿ, ರಾತ್ರಿಯ ರೈಲಿಗೆ ಹೊರಟಿರುತ್ತಾರೆ.